ಅಮೆರಿಕ ಕ್ರೈಸ್ತ ರಾಷ್ಟ್ರವಾಗಿಯೇ ಹುಟ್ಟಿತಾ?

ನಿಮ್ಮ ಪ್ರಶ್ನೆ ಇದು: ಜೊತೆಗೆ ಕೆಲಸ ಮಾಡುವ ಅಮೆರಿಕದವರೊಬ್ಬರು "ನಮ್ಮದು ಕ್ರೈಸ್ತ ರಾಷ್ಟ್ರವಾಗಿಯೇ ಹುಟ್ಟಿದ್ದು, ಚರ್ಚು ಬೇರೆ ಸರ್ಕಾರ ಬೇರೆ ಅನ್ನೋದೆಲ್ಲ ದೇವರನ್ನು ನಂಬದವರು ಆಮೇಲೆ ತಂದ ಮಾತು" ಅಂತಾರೆ. ಇದು ನಿಜವಾ? ಅಲ್ಲಿನ ಕ್ರೈಸ್ತರೆಲ್ಲ ಹೀಗೇ ಯೋಚಿಸ್ತಾರಾ?

ಎರಡನೇ ಪ್ರಶ್ನೆಗೆ ಒಂದೇ ಮಾತಿನ ಉತ್ತರ: ಇಲ್ಲ. ಮೊದಲನೆಯದಕ್ಕೆ ಸ್ವಲ್ಪ ಉದ್ದಕ್ಕೆ ಹೇಳಬೇಕು. ನಾನು ಧಾರವಾಡ ಕಡೆಯ ಕ್ರೈಸ್ತ ಮನೆತನದವನು. ಈಗ ಇರುವುದು ವರ್ಜೀನಿಯಾದಲ್ಲಿ, ಭಾನುವಾರ ಹೋಗುವುದು ಬ್ಯಾಪ್ಟಿಸ್ಟ್ ಎಂಬ ಪ್ರಾಟೆಸ್ಟೆಂಟ್ ಪಂಗಡದ ಚರ್ಚಿಗೆ. ಈ ಕಥೆಯ ಮುಖ್ಯ ಭಾಗ ನಡೆದದ್ದು ಇದೇ ರಾಜ್ಯದಲ್ಲಿ. ಅದನ್ನು ನಮ್ಮ ಚರ್ಚಿನವರೇ ಮರೆಯುತ್ತಿದ್ದಾರಲ್ಲ ಅಂತ ನನಗೆ ಬೇಜಾರಿದೆ.

ನಿಮ್ಮ ಸಹೋದ್ಯೋಗಿಯ ಮಾತು ಪೂರ್ತಿ ಸುಳ್ಳೇನಲ್ಲ. 1630ರಲ್ಲಿ ಬಾಸ್ಟನ್ ಕಟ್ಟಿದ ಪ್ಯೂರಿಟನ್ನರು ಎಂಬ ಇಂಗ್ಲೆಂಡಿನ ಪ್ರಾಟೆಸ್ಟೆಂಟರು ಬೈಬಲ್ ಪ್ರಕಾರ ನಡೆಯುವ ಸಮಾಜ ಬೇಕು ಅಂತಲೇ ಸಮುದ್ರ ದಾಟಿ ಬಂದವರು. ಸ್ವಾತಂತ್ರ್ಯ ಘೋಷಣೆಯಾದ ಮೇಲೂ ಹಲವು ರಾಜ್ಯಗಳು ಆ ದಾರಿ ಬಿಡಲಿಲ್ಲ. ಡೆಲವೇರ್‌ನ 1776ರ ಸಂವಿಧಾನದ ಪ್ರಕಾರ, ಅಧಿಕಾರದಲ್ಲಿ ಕೂರುವವರು ತಂದೆ, ಮಗ, ಪವಿತ್ರಾತ್ಮರಲ್ಲಿ ತಮಗೆ ನಂಬಿಕೆ ಇದೆ ಎಂದು ಹೇಳಲೇಬೇಕಿತ್ತು. ಮ್ಯಾಸಚೂಸೆಟ್ಸ್‌ನಲ್ಲಿ ಚರ್ಚಿನ ತೆರಿಗೆ 1833ರವರೆಗೂ ನಡೆಯಿತು. ಹಾಗಾಗಿ "ಅಮೆರಿಕಕ್ಕೂ ಕ್ರೈಸ್ತ ಧರ್ಮಕ್ಕೂ ಸಂಬಂಧವೇ ಇಲ್ಲ" ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ.

ಆದರೆ ಆ ವ್ಯವಸ್ಥೆಯಲ್ಲಿ ಏಟು ತಿಂದವರು ಯಾರು ಅಂತ ನೋಡಿ. ಬಹುಪಾಲು ಕ್ರೈಸ್ತರೇ. 1660ರಲ್ಲಿ ಬಾಸ್ಟನ್‌ನಲ್ಲಿ ಮೇರಿ ಡಯರ್ ಎಂಬ ಹೆಂಗಸನ್ನು ನೇಣಿಗೆ ಹಾಕಿದರು. ಆಕೆ ಕ್ವೇಕರ್ ಪಂಗಡದವಳು, ಊರು ಬಿಟ್ಟು ಹೋಗು ಅಂದರೂ ಮತ್ತೆ ಮತ್ತೆ ಬಂದಳು, ಅದೇ ತಪ್ಪು. ಅದಕ್ಕೂ ಮೊದಲು, 1635ರಲ್ಲಿ, ರೋಜರ್ ವಿಲಿಯಮ್ಸ್ ಎಂಬ ಪಾದ್ರಿಗೆ ಗಡೀಪಾರಿನ ಶಿಕ್ಷೆ ಕೊಟ್ಟರು. ಅವರು ಚಳಿಗಾಲದ ಹಿಮದಲ್ಲಿ ಊರು ಬಿಟ್ಟು, ಮಾರನೇ ವರ್ಷ ಪ್ರಾವಿಡೆನ್ಸ್ ಎಂಬ ಊರು ಕಟ್ಟಿ, ಅಲ್ಲಿ ನಂಬಿಕೆಯ ವಿಷಯದಲ್ಲಿ ಸರ್ಕಾರ ಕೈ ಹಾಕಬಾರದು ಅಂತ ಗೊತ್ತುಮಾಡಿದರು. ಬಲವಂತದ ಆರಾಧನೆ ದೇವರ ಮೂಗಿಗೆ ನಾರುತ್ತದೆ ಎಂದು ಬರೆದವರು ಅವರೇ. ದೇವಭಕ್ತಿ ಜಾಸ್ತಿ ಇದ್ದದ್ದಕ್ಕೇ ಅವರು ಹಾಗೆ ಬರೆದರು ಅನ್ನುವುದು ನನ್ನ ಅಭಿಪ್ರಾಯ.

ಈಗ ವರ್ಜೀನಿಯಾಕ್ಕೆ ಬರೋಣ. ಬ್ರಿಟಿಷರ ಕಾಲದಲ್ಲಿ ಇಲ್ಲಿ ಇಂಗ್ಲೆಂಡಿನ ಆಂಗ್ಲಿಕನ್ ಚರ್ಚೇ ಸರ್ಕಾರಿ ಚರ್ಚು. ಅದರ ಪಾದ್ರಿಗೆ ವರ್ಷಕ್ಕೆ 16,000 ಪೌಂಡ್ ತೂಕದ ಹೊಗೆಸೊಪ್ಪು ಸಂಬಳ. ಅದನ್ನು ಎಲ್ಲರೂ ತೆರಿಗೆಯಾಗಿ ಕಟ್ಟಬೇಕು, ನೀವು ಆ ಚರ್ಚಿಗೆ ಹೋಗಿ ಬಿಡಿ. ಬ್ಯಾಪ್ಟಿಸ್ಟ್ ಬೋಧಕರು ಲೈಸೆನ್ಸ್ ಇಲ್ಲದೆ ಪ್ರಸಂಗ, ಅಂದರೆ ಧರ್ಮಬೋಧೆ, ಮಾಡಿದರೆ ಜೈಲು. 1769ರ ಕೊನೆಗೆ ಕಲ್ಪೆಪರ್ ಜೈಲಿಗೆ ಬಿದ್ದ ಜೇಮ್ಸ್ ಐರ್ಲೆಂಡ್ ಕಿಟಕಿಯ ಸರಳಿನ ಹಿಂದೆ ನಿಂತೇ ಹೊರಗಿನ ಜನರಿಗೆ ಪ್ರಸಂಗ ಮಾಡುತ್ತಿದ್ದರು. ಆಗದವರು ಗಂಧಕದ ಹೊಗೆ ಹಾಕಿ ಉಸಿರುಗಟ್ಟಿಸಲು ನೋಡಿದರು. ಕೋಣೆಯ ಕೆಳಗೆ ಮದ್ದುಪುಡಿ ಇಟ್ಟು ಸಿಡಿಸಲೂ ನೋಡಿದರು. ಅಲ್ಲಿಂದ ಅವರು ಬರೆದ ಕಾಗದಗಳ ಮೇಲೆ "ಕಲ್ಪೆಪರ್‌ನ ನನ್ನ ಅರಮನೆಯಿಂದ" ಅಂತ ಇರುತ್ತಿತ್ತು.

ಇದೇ ಸೀಮೆಯಲ್ಲಿ ಬೆಳೆದ ಹುಡುಗ ಜೇಮ್ಸ್ ಮ್ಯಾಡಿಸನ್. 1774ರ ಜನವರಿಯಲ್ಲಿ, ಇನ್ನೂ 22 ವರ್ಷದವರಿದ್ದಾಗ, ಗೆಳೆಯನಿಗೆ ಕಾಗದ ಬರೆಯುತ್ತಾರೆ: ಪಕ್ಕದ ಕೌಂಟಿಯ ಜೈಲಿನಲ್ಲಿ ಐದಾರು ಜನ ಒಳ್ಳೆಯವರು ಬರೀ ತಮ್ಮ ನಂಬಿಕೆ ಹೇಳಿದ್ದಕ್ಕೆ ಕೂತಿದ್ದಾರೆ, ನನಗೆ ತಡೆಯಲಾಗುತ್ತಿಲ್ಲ. ಮುಂದೆ ಸಂವಿಧಾನ ರೂಪಿಸುವುದರಲ್ಲಿ ದೊಡ್ಡ ಪಾತ್ರ ವಹಿಸಿದವರು ಇವರು. ಧರ್ಮದ ಸ್ವಾತಂತ್ರ್ಯದ ಬಗ್ಗೆ ಅವರಿಗಿದ್ದ ಹಠಕ್ಕೆ ಪುಸ್ತಕದ ಓದು ಎಷ್ಟು ಕಾರಣವೋ, ಆ ಜೈಲೂ ಅಷ್ಟೇ ಕಾರಣ ಅಂತ ನನಗನ್ನಿಸುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ 1784ರಲ್ಲಿ ವರ್ಜೀನಿಯಾದ ಮುಖಂಡ ಪ್ಯಾಟ್ರಿಕ್ ಹೆನ್ರಿ ಒಂದು ಮಸೂದೆ ಬೆಂಬಲಿಸಿದರು. ಒಂದೇ ಪಂಗಡ ಬೇಡ, ಕ್ರೈಸ್ತ ಬೋಧಕರಿಗೆಲ್ಲ ತೆರಿಗೆಯಿಂದ ಹಣ ಕೊಡೋಣ ಅಂತ. ಕೇಳಲು ಉದಾರವಾಗಿಯೇ ಇದೆ, ಅಲ್ವಾ? ಬ್ಯಾಪ್ಟಿಸ್ಟರಿಗೂ ಪಾಲು ಸಿಗುತ್ತಿತ್ತು. ಅವರು ಬೇಡ ಅಂದರು. ಅರ್ಜಿಯ ಮೇಲೆ ಅರ್ಜಿ ಹಾಕಿ ವಿರೋಧಿಸಿದರು. ಮ್ಯಾಡಿಸನ್ 1785ರಲ್ಲಿ ಬರೆದ ಮನವಿಯಲ್ಲಿ ಒಂದು ವಾದ ಇದೆ: ಬೇರೆ ಧರ್ಮಗಳನ್ನು ಬಿಟ್ಟು ಕ್ರೈಸ್ತ ಧರ್ಮಕ್ಕೆ ಮಾತ್ರ ಪಟ್ಟ ಕಟ್ಟಬಲ್ಲ ಸರ್ಕಾರ, ನಾಳೆ ಬೇರೆ ಪಂಗಡಗಳನ್ನು ಬಿಟ್ಟು ಕ್ರೈಸ್ತರ ಒಂದೇ ಪಂಗಡಕ್ಕೆ ಪಟ್ಟ ಕಟ್ಟಲಾರದೇ? ಮಸೂದೆ ಬಿದ್ದುಹೋಯಿತು. ಅದರ ಜಾಗದಲ್ಲಿ, 1786ರ ಜನವರಿಯಲ್ಲಿ, ಮುಂದೆ ದೇಶದ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ ಹಿಂದೆಯೇ ಬರೆದಿಟ್ಟಿದ್ದ ಧರ್ಮ ಸ್ವಾತಂತ್ರ್ಯದ ಕಾಯ್ದೆ ಪಾಸಾಯಿತು.

ಆ ಕಾಯ್ದೆಯ ಚರ್ಚೆಯಲ್ಲಿ ನಡೆದ ಒಂದು ಸಂಗತಿ ನಮ್ಮ ಕಡೆಯವರು ಕೇಳಲೇಬೇಕು. ಪೀಠಿಕೆಯಲ್ಲಿ ಯೇಸು ಕ್ರಿಸ್ತನ ಹೆಸರು ಸೇರಿಸಬೇಕು ಅಂತ ಒಂದು ತಿದ್ದುಪಡಿ ಬಂತು. ಬಹುಮತದಿಂದ ಅದನ್ನು ತಳ್ಳಿಹಾಕಿದರು. ಜೆಫರ್ಸನ್ ಎಷ್ಟೋ ವರ್ಷಗಳ ನಂತರ ತಮ್ಮ ಜೀವನದ ನೆನಪು ಬರೆಯುವಾಗ ಇದನ್ನು ವಿವರಿಸುತ್ತಾರೆ: ಯೆಹೂದಿ, ಕ್ರೈಸ್ತ, ಮುಸಲ್ಮಾನ, ಹಿಂದೂ, ಏನನ್ನೂ ನಂಬದವನು, ಎಲ್ಲರಿಗೂ ಈ ಕಾಯ್ದೆಯ ರಕ್ಷಣೆ ಸಿಗಬೇಕು ಅನ್ನುವುದು ಸಭೆಯ ಇಂಗಿತವಾಗಿತ್ತು. ಹೌದು, "ಹಿಂದೂ" ಅಂತ ಹೆಸರು ಹೇಳಿಯೇ ಬರೆದಿದ್ದಾರೆ. ಇವತ್ತು ಈ ರಾಜ್ಯದಲ್ಲಿ ನಮ್ಮ ಕನ್ನಡದವರು ದೇವಸ್ಥಾನಕ್ಕೆ ಹೋಗುವುದಕ್ಕೂ ನಾನು ಚರ್ಚಿಗೆ ಹೋಗುವುದಕ್ಕೂ ಒಂದೇ ಕಾಯ್ದೆ ಆಧಾರ.

ದೇಶದ ಸಂವಿಧಾನದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 1787ರ ಆ ಬರಹದಲ್ಲಿ ತಾರೀಖು ಹೇಳುವ ಕಡೆ ವಾಡಿಕೆಯಂತೆ "ನಮ್ಮ ಕರ್ತನ ವರ್ಷ" ಅಂತ ಇರುವುದು ಬಿಟ್ಟರೆ ದೇವರ ಪ್ರಸ್ತಾಪ ಇಲ್ಲ. ಕೇಂದ್ರ ಸರ್ಕಾರದ ಯಾವ ಹುದ್ದೆಗೂ ಧರ್ಮದ ಪರೀಕ್ಷೆ ಇರಕೂಡದು ಎಂದು ಆರನೇ ವಿಧಿ ಹೇಳುತ್ತದೆ. 1791ರ ಮೊದಲ ತಿದ್ದುಪಡಿ, ಸಂಸತ್ತು ಯಾವ ಧರ್ಮವನ್ನೂ ಸರ್ಕಾರಿ ಧರ್ಮ ಮಾಡಬಾರದು, ಯಾರ ಆಚರಣೆಯನ್ನೂ ತಡೆಯಬಾರದು ಅನ್ನುತ್ತದೆ. ಉತ್ತರ ಆಫ್ರಿಕಾದ ಟ್ರಿಪೊಲಿಯ ಜೊತೆ ಮಾಡಿಕೊಂಡ 1797ರ ಒಪ್ಪಂದದಲ್ಲಂತೂ ಅಮೆರಿಕದ ಸರ್ಕಾರ ಯಾವ ಅರ್ಥದಲ್ಲೂ ಕ್ರೈಸ್ತ ಧರ್ಮದ ಮೇಲೆ ಕಟ್ಟಿದ್ದಲ್ಲ ಎಂಬ ಸಾಲೇ ಇದೆ. ಸೆನೆಟ್ ಅದನ್ನು ಒಮ್ಮತದಿಂದ ಒಪ್ಪಿತು.

ನನಗೆ ಅದಕ್ಕಿಂತ ಮುಖ್ಯವಾದ ದಿನ 1802ರ ಜನವರಿ 1. ಕನೆಕ್ಟಿಕಟ್‌ನ ಡ್ಯಾನ್‌ಬರಿ ಬ್ಯಾಪ್ಟಿಸ್ಟರು ಅಧ್ಯಕ್ಷ ಜೆಫರ್ಸನ್‌ಗೆ ಹಿಂದಿನ ಅಕ್ಟೋಬರ್‌ನಲ್ಲಿ ಒಂದು ಕಾಗದ ಬರೆದಿದ್ದರು. ಮೊದಲ ತಿದ್ದುಪಡಿ ಆಗ ತಡೆದದ್ದು ದೇಶದ ಸಂಸತ್ತನ್ನು ಮಾತ್ರ, ಹಾಗಾಗಿ ಅವರ ರಾಜ್ಯದಲ್ಲಿ ಇನ್ನೂ ಸರ್ಕಾರಿ ಚರ್ಚು ಇತ್ತು. ಅದರ ತೆರಿಗೆಯಿಂದ ತಪ್ಪಿಸಿಕೊಳ್ಳಬೇಕಾದರೆ "ನಾನು ಬೇರೆ ಸಭೆಯವನು" ಅಂತ ಸರ್ಟಿಫಿಕೇಟ್ ಕೊಡಬೇಕಿತ್ತು. ಅವರ ದೂರು ಇದು: ನಮಗಿರುವ ಸ್ವಾತಂತ್ರ್ಯ ನಮ್ಮ ಹಕ್ಕಾಗಿ ಬಂದದ್ದಲ್ಲ, ಯಾರೋ ದಯೆ ತೋರಿಸಿ ಕೊಟ್ಟದ್ದು. ಜೆಫರ್ಸನ್ ಆ ದಿನ ಬರೆದ ಉತ್ತರದಲ್ಲೇ "ಚರ್ಚು ಮತ್ತು ಸರ್ಕಾರದ ನಡುವಿನ ಗೋಡೆ" ಎಂಬ ಪ್ರಸಿದ್ಧ ಮಾತು ಬರುವುದು.

ಅದೇ ದಿನ ಜಾನ್ ಲೇಲ್ಯಾಂಡ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿ ಅಧ್ಯಕ್ಷರ ಮನೆ ಬಾಗಿಲಿಗೆ ಒಂದು ಚೀಸ್ ತಂದರು. ಮ್ಯಾಸಚೂಸೆಟ್ಸ್‌ನ ಚೆಷೈರ್ ಎಂಬ ಹಳ್ಳಿಯ ರೈತರು, ಹೆಂಗಸರು ಸೇರಿ ತಮ್ಮ ಹಸುಗಳ ಹಾಲಿನಿಂದ ಮಾಡಿದ್ದು. ತೂಕ 1,235 ಪೌಂಡ್, ಅಂದರೆ ಸುಮಾರು 560 ಕೆ.ಜಿ. ಸಾಮಾನ್ಯ ಅಚ್ಚು ಸಾಲದೆ ಸೇಬಿನ ರಸ ಹಿಂಡುವ ಗಾಣದಲ್ಲಿ ಅದನ್ನು ಒತ್ತಿದ್ದರು. ಜಾರುಬಂಡಿ, ಹಡಗು ಹತ್ತಿಸಿ ವಾಷಿಂಗ್ಟನ್‌ವರೆಗೆ ತಂದರು. ಒಬ್ಬ ಗುಲಾಮನ ದುಡಿಮೆಯೂ ಇದರಲ್ಲಿ ಸೇರಿಲ್ಲ ಅಂತ ಹೇಳಿಯೇ ಒಪ್ಪಿಸಿದರು. ಆ ಮಾತು ಗುಲಾಮರನ್ನು ಇಟ್ಟುಕೊಂಡಿದ್ದ ಅಧ್ಯಕ್ಷರ ಮುಂದೆ ಹೇಳಿದ್ದು ಅನ್ನುವುದನ್ನೂ ನೆನಪಿಡಿ.

ಲೇಲ್ಯಾಂಡ್ ಮೊದಲು ವರ್ಜೀನಿಯಾದಲ್ಲಿ ಬೋಧಕರಾಗಿದ್ದವರು. ಹೊಸ ಸಂವಿಧಾನದಲ್ಲಿ ಧರ್ಮ ಸ್ವಾತಂತ್ರ್ಯಕ್ಕೆ ಭದ್ರತೆ ಇಲ್ಲ ಎಂದು 1788ರಲ್ಲಿ ತಕರಾರು ಬರೆದಿದ್ದರು. 1789ರಲ್ಲಿ ಗುಲಾಮಗಿರಿಯ ವಿರುದ್ಧ ಇಲ್ಲಿನ ಬ್ಯಾಪ್ಟಿಸ್ಟರ ಸಭೆಗೆ ನಿರ್ಣಯ ಬರೆದುಕೊಟ್ಟಿದ್ದರು. ಒಬ್ಬ ದೇವರನ್ನೋ, ಮೂವರನ್ನೋ, ಇಪ್ಪತ್ತು ದೇವರನ್ನೋ ಪೂಜಿಸಲಿ, ಯಾರನ್ನೂ ಪೂಜಿಸದೆ ಇರಲಿ, ಸರ್ಕಾರ ಆ ಮನುಷ್ಯನನ್ನು ಕಾಯಬೇಕು ಅಂತ ಬರೆದದ್ದು ಇದೇ ಪಾದ್ರಿ. ಅವರು ಜೀವನವಿಡೀ ಊರೂರು ಅಲೆದು ಯೇಸುವನ್ನು ಸಾರಿದವರು. ಚೀಸ್ ಕೊಟ್ಟ ಎರಡು ದಿನಕ್ಕೆ, ಭಾನುವಾರ, ಸಂಸತ್ತಿನ ಸಭಾಂಗಣದಲ್ಲೇ ಪ್ರಸಂಗ ಮಾಡಿದರು, ಜೆಫರ್ಸನ್ ಬಂದು ಕೂತು ಕೇಳಿದರು. ಗೋಡೆಯ ಮಾತು ಬರೆದ ವಾರದಲ್ಲೇ! ನಂಬಿಕೆಯ ಮಾತು ಊರ ನಡುವೆ ಕೇಳಿಸಬಾರದು ಅಂತ ಇವರು ಯಾರೂ ಹೇಳಿರಲಿಲ್ಲ. ಅದರ ಬೆನ್ನಿಗೆ ತೆರಿಗೆ, ಜೈಲು ಬರಬಾರದು ಅಂದರು, ಅಷ್ಟೇ.

ಕ್ರೈಸ್ತ ಚಿಂತನೆಯ ಪ್ರಭಾವ ಎಲ್ಲಿದೆ ಅಂತ ಕೇಳಿದರೆ ನಾನು ತೋರಿಸುವುದು ಬೇರೆ ಕಡೆ. ಮ್ಯಾಡಿಸನ್‌ಗೆ ಪ್ರಿನ್ಸ್‌ಟನ್‌ನಲ್ಲಿ ಪಾಠ ಹೇಳಿದ ಜಾನ್ ವಿದರ್‌ಸ್ಪೂನ್ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಪಾದ್ರಿ. ಮನುಷ್ಯರೆಲ್ಲ ಪಾಪಕ್ಕೆ ಬೀಳುವವರೇ, ಯಾರ ಕೈಗೂ ಪೂರ್ತಿ ಅಧಿಕಾರ ಕೊಡಬೇಡಿ ಅನ್ನುವುದು ಆ ಪರಂಪರೆಯ ಗಟ್ಟಿ ನಂಬಿಕೆ. ಮನುಷ್ಯರು ದೇವದೂತರಾಗಿದ್ದರೆ ಸರ್ಕಾರವೇ ಬೇಕಿರಲಿಲ್ಲ ಎಂದು ಮ್ಯಾಡಿಸನ್ 1788ರಲ್ಲಿ ಬರೆದಾಗ ಅದರ ನೆರಳು ಕಾಣುತ್ತದೆ. ಅಧ್ಯಕ್ಷ, ಸಂಸತ್ತು, ಕೋರ್ಟು ಒಬ್ಬರನ್ನೊಬ್ಬರು ತಡೆಯುವ ಏರ್ಪಾಡು ಬಂದದ್ದಕ್ಕೆ ಬೇರೆ ಕಾರಣಗಳೂ ಇವೆ. ಆದರೆ ಪಾಪದ ಬಗೆಗಿನ ಈ ಎಚ್ಚರವೂ ಅವುಗಳಲ್ಲಿ ಒಂದು ಅಂತ ನಾನು ನಂಬುತ್ತೇನೆ.

ಇನ್ನು "ಕ್ರೈಸ್ತ ರಾಷ್ಟ್ರ" ಅನ್ನುವವರು ಗುಲಾಮಗಿರಿಯ ಬಗ್ಗೆ ಏನು ಹೇಳುತ್ತಾರೆ? ಇಲ್ಲಿ ನನಗೆ ಸುಮ್ಮನಿರಲು ಆಗುವುದಿಲ್ಲ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1845ರಲ್ಲಿ ತಮ್ಮ ಕಥೆ ಬರೆದರು. ಅವರ ಯಜಮಾನ 1832ರಲ್ಲಿ ಮೆಥಡಿಸ್ಟರ ಕೂಟಕ್ಕೆ ಹೋಗಿ ಹೊಸದಾಗಿ ಭಕ್ತನಾದ. ಇನ್ನು ಮೃದುವಾಗುತ್ತಾನೇನೋ ಅಂತ ಡಗ್ಲಸ್ ಆಸೆಪಟ್ಟರು. ಆತ ಇನ್ನೂ ಕ್ರೂರಿಯಾದ. ಕೈ ಊನವಾಗಿದ್ದ ಒಬ್ಬ ಹುಡುಗಿಯನ್ನು ಕಟ್ಟಿ, ರಕ್ತ ಬರುವಂತೆ ಚಾವಟಿಯಲ್ಲಿ ಹೊಡೆಯುತ್ತಾ, ಯಜಮಾನನ ಇಷ್ಟ ತಿಳಿದೂ ಮಾಡದ ಆಳಿಗೆ ಬಹಳ ಪೆಟ್ಟು ಬೀಳುತ್ತದೆ ಎಂಬ ಲೂಕನ ಸುವಾರ್ತೆಯ ವಚನ ಹೇಳುತ್ತಿದ್ದ. ಈ ನಾಡಿನ ಕ್ರೈಸ್ತ ಧರ್ಮಕ್ಕೂ ಕ್ರಿಸ್ತನ ಧರ್ಮಕ್ಕೂ ಅಜಗಜಾಂತರ ಎಂದು ಡಗ್ಲಸ್ ಪುಸ್ತಕದ ಕೊನೆಗೆ ಬರೆದರು. ಒಂದನ್ನು ಹಿಡಿಯಬೇಕಾದರೆ ಇನ್ನೊಂದನ್ನು ಬಿಡಲೇಬೇಕು ಅಂದರು. ಅವರು ನಂಬಿಕೆ ಬಿಟ್ಟವರಾಗಿ ಇದನ್ನು ಬರೆಯಲಿಲ್ಲ. ಕ್ರಿಸ್ತನ ಹೆಸರಿನಲ್ಲೇ ಬರೆದರು.

ಅದೇ 1845ರಲ್ಲಿ ಗುಲಾಮರ ಒಡೆಯರು ಮಿಷನರಿಗಳಾಗಬಹುದೇ ಎಂಬ ಜಗಳದಿಂದ ದಕ್ಷಿಣದ ಬ್ಯಾಪ್ಟಿಸ್ಟರು ಬೇರೆಯಾಗಿ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಕಟ್ಟಿಕೊಂಡರು. ಲೇಲ್ಯಾಂಡ್ ನಿರ್ಣಯ ಬರೆದು ಆಗಿನ್ನೂ 56 ವರ್ಷ. ಆ ಸಂಸ್ಥೆ ಇದಕ್ಕೆ ಕ್ಷಮೆ ಕೇಳಿದ್ದು 1995ರಲ್ಲಿ. ಗುಲಾಮಗಿರಿಯ ವಿಷಯಕ್ಕೆ ಉತ್ತರ, ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧ ಮುಗಿಯುವ ಹೊತ್ತಿಗೆ, 1865ರ ಮಾರ್ಚ್‌ನಲ್ಲಿ, ಅಧ್ಯಕ್ಷ ಲಿಂಕನ್ ಎರಡೂ ಕಡೆಯವರು ಓದುವುದು ಒಂದೇ ಬೈಬಲ್, ಬೇಡುವುದು ಒಂದೇ ದೇವರನ್ನು ಎಂದರು. ದೇವರು ನಮ್ಮ ಕಡೆ ಇದ್ದಾನೆ ಅಂತ ಗೆಲ್ಲುತ್ತಿದ್ದ ಪಕ್ಷದ ನಾಯಕ ಹೇಳಲಿಲ್ಲ. ಈ ಯುದ್ಧ ಉತ್ತರ, ದಕ್ಷಿಣ ಎರಡಕ್ಕೂ ಬಂದ ಶಿಕ್ಷೆ ಇರಬಹುದು ಅಂದರು. ಅಮೆರಿಕದ ರಾಜಕೀಯದಲ್ಲಿ ಅದಕ್ಕಿಂತ ಆಳವಾದ ಕ್ರೈಸ್ತ ಮಾತನ್ನು ನಾನು ಓದಿಲ್ಲ.

ಹಾಗಾದರೆ ನಿಮ್ಮ ಸಹೋದ್ಯೋಗಿಗೆ ಆ ಕಲ್ಪನೆ ಎಲ್ಲಿಂದ ಬಂತು? ಒಂದಷ್ಟು 1950ರ ದಶಕದಿಂದ. ಶಾಲೆಯಲ್ಲಿ ಮಕ್ಕಳು ಹೇಳುವ ಧ್ವಜ ಪ್ರತಿಜ್ಞೆಯನ್ನು 1892ರಲ್ಲಿ ಬರೆದವರು ಫ್ರಾನ್ಸಿಸ್ ಬೆಲಮಿ, ಅವರೂ ಬ್ಯಾಪ್ಟಿಸ್ಟ್ ಪಾದ್ರಿಯೇ. ಅವರು ಬರೆದ ಪ್ರತಿಜ್ಞೆಯಲ್ಲಿ ದೇವರ ಹೆಸರು ಇರಲಿಲ್ಲ. ಸೋವಿಯತ್ ರಷ್ಯಾದ ಜೊತೆ ಶೀತಲ ಸಮರ ನಡೆಯುತ್ತಿದ್ದಾಗ, 1954ರಲ್ಲಿ, ಸಂಸತ್ತು ಅದನ್ನು ಸೇರಿಸಿತು. "ದೇವರಲ್ಲಿ ನಮ್ಮ ಭರವಸೆ" ಎಂಬುದು ಕೆಲವು ನಾಣ್ಯಗಳ ಮೇಲೆ ಮೊದಲೇ ಇತ್ತು, ಆದರೆ ರಾಷ್ಟ್ರದ ಧ್ಯೇಯವಾಕ್ಯ ಆದದ್ದು 1956ರಲ್ಲಿ. 1962ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಸರ್ಕಾರ ಬರೆದುಕೊಟ್ಟ ಪ್ರಾರ್ಥನೆ ಹೇಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ಬಹಳ ಜನರಿಗೆ ತಮ್ಮದೇನೋ ಕಿತ್ತುಕೊಂಡ ಹಾಗಾಯಿತು. ಆ ನೋವು ನನಗೆ ಅರ್ಥವಾಗುತ್ತದೆ. ಆದರೆ ಯಾರ ಪ್ರಾರ್ಥನೆ ಹೇಳಿಸಬೇಕು ಅನ್ನುವ ಪ್ರಶ್ನೆ ಹಳೆಯದು. 1844ರಲ್ಲಿ ಫಿಲಡೆಲ್ಫಿಯಾದಲ್ಲಿ, ಶಾಲೆಯಲ್ಲಿ ಕ್ಯಾಥೊಲಿಕ್ ಮಕ್ಕಳಿಗೆ ಪ್ರಾಟೆಸ್ಟೆಂಟ್ ಬೈಬಲ್ ಓದಿಸುವ ವಿಷಯಕ್ಕೆ ಗಲಭೆ ಎದ್ದು ಎರಡು ಕ್ಯಾಥೊಲಿಕ್ ಚರ್ಚುಗಳೇ ಸುಟ್ಟುಹೋದವು.

ಇವತ್ತಿನ ಸ್ಥಿತಿ ಹೀಗಿದೆ. ನನ್ನದೇ ರಾಜ್ಯದ ಲಿಂಚ್‌ಬರ್ಗ್‌ನ ಬ್ಯಾಪ್ಟಿಸ್ಟ್ ಪಾದ್ರಿ ಜೆರಿ ಫಾಲ್ವೆಲ್, 1965ರಲ್ಲಿ ಪಾದ್ರಿಗಳ ಕೆಲಸ ರಾಜಕೀಯ ಅಲ್ಲ ಎಂದು ಪ್ರಸಂಗ ಮಾಡಿದ್ದರು. 1979ರಲ್ಲಿ ಅವರೇ ಮೊರಲ್ ಮೆಜಾರಿಟಿ ಎಂಬ, ಸಂಪ್ರದಾಯವಾದಿ ಕ್ರೈಸ್ತರ ರಾಜಕೀಯ ಸಂಘಟನೆ ಕಟ್ಟಿದರು. ಇನ್ನೊಂದು ಕಡೆ, ಅವರ ಹಾಗೆಯೇ ಬ್ಯಾಪ್ಟಿಸ್ಟ್ ಪಾದ್ರಿಯಾಗಿದ್ದ ಮಾರ್ಟಿನ್ ಲೂಥರ್ ಕಿಂಗ್ 1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ, ಕರಿಯರ ಹಕ್ಕಿನ ಹೋರಾಟದಲ್ಲಿ ತಾಳ್ಮೆಯಿಂದಿರಿ ಅನ್ನುತ್ತಿದ್ದ ಬಿಳಿಯ ಧರ್ಮಗುರುಗಳಿಗೆ ಬರೆದ ಕಾಗದ ಇದೆ. ಇಬ್ಬರ ದಾರಿಯಲ್ಲೂ ನಡೆಯುವವರು ನಮ್ಮ ಚರ್ಚಿನ ಬೆಂಚುಗಳಲ್ಲಿ ಅಕ್ಕಪಕ್ಕ ಕೂತಿರುತ್ತಾರೆ. ನಾನು ಯಾವ ಕಡೆ ಅಂತ ನಿಮಗೆ ಗೊತ್ತಾಗಿರಬೇಕು.

ಸಹೋದ್ಯೋಗಿಯ ಜೊತೆ ಮಾತು ಮುಂದುವರಿಸುವುದಾದರೆ ಜೆಫರ್ಸನ್ ಉತ್ತರ ತೋರಿಸಬೇಡಿ. ಅವರ ಭಕ್ತಿಯ ಬಗ್ಗೆಯೇ ಜಗಳ ಶುರುವಾಗುತ್ತದೆ. ಡ್ಯಾನ್‌ಬರಿಯವರು ಬರೆದ ಕಾಗದವನ್ನೇ ಮೊದಲು ಓದಿಸಿ. ಎರಡು ಪುಟ ದಾಟುವುದಿಲ್ಲ, ಇಂಟರ್ನೆಟ್‌ನಲ್ಲಿ ಸಿಗುತ್ತದೆ. ಅದಕ್ಕೆ ಸಹಿ ಹಾಕಿದವರು ದೇವರನ್ನು ನಂಬದವರಾ ಅಂತ ಅವರನ್ನೇ ಕೇಳಿ.