ನಿರೀಕ್ಷೆಯೇ ಬೇಡ ಅನ್ನಬೇಡಿ

ಪತ್ರ: ಮಗಳಿಗೆ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 601 ಬಂತು. 615 ಬರುತ್ತೆ ಅಂದುಕೊಂಡಿದ್ದಳು. ಅತ್ತು ಅತ್ತು ಊಟ ಬಿಟ್ಟಳು. ಪಕ್ಕದ ಮನೆ ಹುಡುಗನಿಗೆ ಬಂದದ್ದು 352. ಪಾಸಾದರೆ ಸಾಕು ಅಂತಿದ್ದವರು ಬೀದಿಗೆಲ್ಲ ಮೈಸೂರು ಪಾಕ್ ಹಂಚಿದರು. ಇನ್ನು ಏನನ್ನೂ ನಿರೀಕ್ಷಿಸಬೇಡ ಅಂತ ಮಗಳಿಗೆ ಹೇಳಿದ್ದೇನೆ. ಸರಿ ತಾನೆ?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಮಾತಿನಲ್ಲಿ ನಿಜ ಇದೆ ತಾಯಿ. 1983ರ ವಿಶ್ವಕಪ್‌ಗೆ ನಮ್ಮ ತಂಡ ಹೊರಟಾಗ ಯಾರಿಗೂ ಆಸೆ ಇರಲಿಲ್ಲ. ಅದಕ್ಕೆ ಮುಂಚಿನ ಎರಡು ವಿಶ್ವಕಪ್‌ಗಳಲ್ಲಿ ಗೆದ್ದದ್ದು ಒಂದೇ ಪಂದ್ಯ. ಅದಕ್ಕೇ ಲಾರ್ಡ್ಸ್‌ನ ಗೆಲುವಿಗೆ ಅಷ್ಟು ಖುಷಿ. (ಆ ಟೂರ್ನಿಯಲ್ಲಿ ಎಲ್ಲರಿಗಿಂತ ಜಾಸ್ತಿ, 18 ವಿಕೆಟ್ ತೆಗೆದವರು ನಮ್ಮ ರೋಜರ್ ಬಿನ್ನಿ. ಇದನ್ನು ಹೇಳದೆ ಮುಂದೆ ಹೋಗಲಾರೆ.) 2023ರಲ್ಲಿ ಸತತ 10 ಪಂದ್ಯ ಗೆದ್ದು ಫೈನಲ್ ಸೋತಾಗ ದೇಶವೇ ಮಂಕಾಯಿತು.

ಆದರೂ ನಿಮ್ಮ ಉಪದೇಶ ನನಗೆ ಒಪ್ಪಿಗೆಯಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜನರಿಗೆ ಸಣ್ಣ ಸಣ್ಣ ಪಣದ ಆಟ ಕೊಟ್ಟು, ನಡುನಡುವೆ ‘ಈಗ ಎಷ್ಟು ಖುಷಿಯಾಗಿದ್ದೀರಿ’ ಅಂತ ಕೇಳಿದರು. ಆಮೇಲೆ ಮೊಬೈಲ್ ಆಟದ ಮೂಲಕ 18,000ಕ್ಕೂ ಹೆಚ್ಚು ಜನರನ್ನು ಹೀಗೇ ಕೇಳಿದರು. ಎಷ್ಟು ಗೆದ್ದರು ಅನ್ನುವುದಕ್ಕಿಂತ, ಅಂದುಕೊಂಡದ್ದಕ್ಕಿಂತ ಜಾಸ್ತಿ ಗೆದ್ದರಾ ಅನ್ನುವುದರ ಮೇಲೆ ಖುಷಿ ನಿಂತಿತ್ತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಅದರಲ್ಲೇ ಇನ್ನೊಂದು ಮಾತಿದೆ: ಒಳ್ಳೆಯದಾಗಬಹುದು ಅನ್ನುವ ಆಸೆಯೂ ಫಲಿತಾಂಶಕ್ಕೆ ಮುಂಚೆಯೇ ಮನಸ್ಸನ್ನು ಹಿಗ್ಗಿಸುತ್ತದೆ. ನಿಮ್ಮ ಮಗಳು ವರ್ಷವಿಡೀ ಓದಿದ್ದು ಆ ಹಿಗ್ಗಿನಲ್ಲೇ ಅಲ್ವಾ? ಅದನ್ನು ಯಾಕೆ ಕಿತ್ತುಕೊಳ್ಳುತ್ತೀರಿ?

ನೋವು ಹುಟ್ಟುವ ಜಾಗ ಬೇರೆ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ವಿಡಿಯೋಗಳನ್ನು ಅಮೆರಿಕದ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ತೋರಿಸಿದರು. ಯಾರ ಮುಖದಲ್ಲಿ ಎಷ್ಟು ಸಂತೋಷ ಇದೆ ಅಂತ ಅಂಕ ಕೊಡಿಸಿದರು. ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರೇ ಖುಷಿಯಾಗಿ ಕಂಡರು. ಬೆಳ್ಳಿಯವರ ಕಣ್ಣು ಕೈತಪ್ಪಿದ ಚಿನ್ನದ ಮೇಲೆ. ಕಂಚಿನವರಿಗೆ ಬರಿಗೈಲಿ ಹೋಗುವುದು ತಪ್ಪಿತಲ್ಲ ಅನ್ನುವ ಸಮಾಧಾನ.

ನಿಮ್ಮ ಮಗಳ ಕಣ್ಣನ್ನು 615ರ ಮೇಲೆ ನೆಟ್ಟವರು ಯಾರು? ಅದು ಅವಳದೇ ಲೆಕ್ಕವಾ, ಮನೆಯವರದಾ, ಟ್ಯೂಷನ್ನಿನವರದಾ? ರಿಸಲ್ಟ್ ಬಂದ ಸಂಜೆಯೇ ಊರಿನ ಸರ್ಕಲ್‌ಗಳಲ್ಲಿ ಫ್ಲೆಕ್ಸ್ ಏಳುತ್ತವೆ. 620 ಬಂದವರ ಫೋಟೋ ಆಳೆತ್ತರ, 601ರವರದು ಅಂಚೆಚೀಟಿಯಷ್ಟು, 352ರವನು ಇಲ್ಲವೇ ಇಲ್ಲ. ನಾವು ಪತ್ರಿಕೆಯವರೂ ಟಾಪರ್‌ಗಳ ಮನೆಗೇ ಓಡುತ್ತೇವೆ. ಮಕ್ಕಳ ಆಸೆಗೆ ಬೇರೆಯವರು ಬೆಲೆಚೀಟಿ ಅಂಟಿಸುವ ಈ ಚಾಳಿ ಕಂಡರೆ ನನಗೆ ಸಿಟ್ಟು ಬರುತ್ತದೆ. ಹದಿನೈದು ವರ್ಷದ ಹುಡುಗಿ ಶೇಕಡಾ 96 ತೆಗೆದು ಅಳುವಂತೆ ಮಾಡಿದ್ದು ನಾವು ದೊಡ್ಡವರು. ಈಗ ‘ಆಸೆಯೇ ಪಡಬೇಡ’ ಅಂತ ಅವಳಿಗೇ ಬುದ್ಧಿ ಹೇಳುವುದು ಅನ್ಯಾಯ.

ಒಂದು ವಿಷಯ ನಿಮ್ಮ ಪತ್ರದಲ್ಲಿ ಇಲ್ಲವೇ ಇಲ್ಲ. ಮುಂದೆ ಏನು ಓದಬೇಕು ಅಂತ ಅವಳಿಗೆ ಆಸೆ? ಕೇಳಿ, ಬರೆದು ಕಳಿಸಿ. ಅವಳೇ ಬರೆದರೆ ಇನ್ನೂ ಒಳ್ಳೆಯದು.
– ಸಂ.