ಸ್ನ್ಯಾಪ್‌ಶಾಟ್ ಒಂದಿದ್ದರೆ ಸಾಕೇ?

ಪ್ರಶ್ನೆ: ನಾನು ಸಹಕಾರಿ ಬ್ಯಾಂಕೊಂದರ ತಂತ್ರಜ್ಞಾನ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮ ನೆಟ್‌ಬ್ಯಾಂಕಿಂಗ್ ಸರ್ವರ್‌ಗಳ ಮುಂದೆ ಗ್ರಾಹಕರ ಕೋರಿಕೆಗಳನ್ನು ಸರ್ವರ್‌ಗಳಿಗೆ ಹಂಚುವ ಎರಡು ಲೋಡ್ ಬ್ಯಾಲೆನ್ಸರ್‌ಗಳು ವಿಎಂವೇರ್ ತಂತ್ರಾಂಶದ ಮೇಲೆ ವರ್ಚುವಲ್ ಮಷಿನ್‌ಗಳಾಗಿ (ಸಾಫ್ಟ್‌ವೇರ್ ರೂಪದ ಕಂಪ್ಯೂಟರ್‌ಗಳಾಗಿ) ನಡೆಯುತ್ತಿವೆ. ಒಂದು ಆಕ್ಟಿವ್, ಇನ್ನೊಂದು ಸ್ಟ್ಯಾಂಡ್‌ಬೈ. ತಿಂಗಳ ಕೊನೆಯ ಶನಿವಾರ ರಾತ್ರಿ ಅವುಗಳ ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡಬೇಕಾಗಿದೆ. ಮೊದಲೇ ಸ್ನ್ಯಾಪ್‌ಶಾಟ್ (ಯಂತ್ರದ ಆ ಕ್ಷಣದ ಸ್ಥಿತಿಯ ದಾಖಲೆ) ತೆಗೆದಿಟ್ಟರೆ ಸಾಕಲ್ಲವೇ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಸಾಲದು. ಸ್ನ್ಯಾಪ್‌ಶಾಟ್ ನಿಮ್ಮನ್ನು ಹಿಂದಕ್ಕೆ ಕರೆತರಬಲ್ಲದೇ ಹೊರತು, ಹೊರೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಸರಿಯಾಗಿ ದಾಟುತ್ತದೆಯೇ ಎಂಬುದನ್ನು ತಿಳಿಸುವುದಿಲ್ಲ. ಇಂಥ ಕೆಲಸ ಕೆಡುವುದು ಹೆಚ್ಚಾಗಿ ಆ ದಾಟುವಿಕೆಯಲ್ಲೇ ಎಂಬುದು ನನ್ನ ಅನುಭವ. ಆದ್ದರಿಂದ ಅಪ್‌ಗ್ರೇಡ್‌ಗೆ ಒಂದು ವಾರ ಮೊದಲು, ಹಳೆಯ ಆವೃತ್ತಿಯಲ್ಲೇ, ಒಂದು ರಾತ್ರಿ ಫೇಲ್‌ಓವರ್ (ಹೊರೆಯನ್ನು ಸ್ಟ್ಯಾಂಡ್‌ಬೈ ಯಂತ್ರಕ್ಕೆ ದಾಟಿಸುವುದು) ಮಾಡಿ ನೋಡಿ.

ಆಗ ಪರೀಕ್ಷೆಗೊಳಗಾಗುವುದು ಲೋಡ್ ಬ್ಯಾಲೆನ್ಸರ್ ಮಾತ್ರವಲ್ಲ, ಅದರ ಕೆಳಗಿನ ವರ್ಚುವಲ್ ಜಾಲವೂ ಹೌದು. ನಿಮ್ಮ ಜೋಡಿ ಒಂದೇ ವರ್ಚುವಲ್ ಮ್ಯಾಕ್ ವಿಳಾಸವನ್ನು (ಸ್ಥಳೀಯ ಜಾಲದಲ್ಲಿ ಯಂತ್ರವನ್ನು ಗುರುತಿಸುವ ವಿಳಾಸ) ಹಂಚಿಕೊಳ್ಳುತ್ತಿದ್ದರೆ, ವರ್ಚುವಲ್ ಸ್ವಿಚ್‌ನ ಪೋರ್ಟ್ ಗ್ರೂಪ್‌ನಲ್ಲಿ ‘ಫೋರ್ಜ್ಡ್ ಟ್ರಾನ್ಸ್‌ಮಿಟ್ಸ್’ ಮತ್ತು ‘ಮ್ಯಾಕ್ ಅಡ್ರೆಸ್ ಚೇಂಜಸ್’ ಎಂಬ, ತನಗೆ ಕೊಟ್ಟದ್ದಲ್ಲದ ಮ್ಯಾಕ್ ವಿಳಾಸವನ್ನು ಯಂತ್ರ ಬಳಸಲು ಬಿಡುವ ಎರಡು ಆಯ್ಕೆಗಳಿಗೆ ಅನುಮತಿ ಇದೆಯೇ ಎಂದು ಎರಡೂ ಹೋಸ್ಟ್‌ಗಳಲ್ಲಿ (ವರ್ಚುವಲ್ ಮಷಿನ್‌ಗಳು ನಡೆಯುವ ಭೌತಿಕ ಸರ್ವರ್‌ಗಳಲ್ಲಿ) ನೋಡಬೇಕು. ಒಂದು ಹೋಸ್ಟ್‌ನಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಸ್ಟ್ಯಾಂಡ್‌ಬೈ ಯಂತ್ರ ಆಕ್ಟಿವ್ ಆದ ಕ್ಷಣವೇ ಸೇವೆ ನಿಲ್ಲುತ್ತದೆ. ವರ್ಚುವಲ್ ಮ್ಯಾಕ್ ಬಳಸದಿದ್ದರೆ, ಹೊಸ ಯಂತ್ರವು ಐಪಿ ವಿಳಾಸ ಈಗ ತನ್ನಲ್ಲಿದೆ ಎಂದು ಗ್ರಾಚುಯಿಟಸ್ ಎಆರ್‌ಪಿ ಎಂಬ, ಯಾರೂ ಕೇಳದೆಯೇ ಕಳಿಸುವ ಸಂದೇಶದ ಮೂಲಕ ಸಾರುತ್ತದೆ. ನೆರೆಯ ಫೈರ್‌ವಾಲ್ ಅದನ್ನು ಕಡೆಗಣಿಸಿದರೆ, ಆ ಐಪಿ ಹಳೆಯ ಯಂತ್ರದಲ್ಲೇ ಇದೆ ಎನ್ನುವ ಹಳೆಯ ಎಆರ್‌ಪಿ ನಮೂದೇ ಉಳಿದುಬಿಡುತ್ತದೆ; ಸಿಸ್ಕೊ ರೂಟರ್‌ಗಳಲ್ಲಂತೂ ಆ ನಮೂದಿನ ಪೂರ್ವನಿಗದಿತ ಆಯುಷ್ಯ 4 ಗಂಟೆ. ಒಮ್ಮೆ ಇದೇ ಕಾರಣಕ್ಕೆ ನಾವು ಬೆಳಗಿನ ಜಾವದವರೆಗೂ ಹೊಸ ಸಾಫ್ಟ್‌ವೇರ್‌ನಲ್ಲಿ ಇಲ್ಲದ ದೋಷವನ್ನು ಹುಡುಕುತ್ತಾ ಕುಳಿತಿದ್ದೆವು.

ಎರಡೂ ಯಂತ್ರಗಳು ಒಂದೇ ಹೋಸ್ಟ್‌ನ ಮೇಲೆ ಕೂರದಂತೆ ಆ್ಯಂಟಿ-ಅಫಿನಿಟಿ ನಿಯಮ ಹಾಕಿ; ಆ ರಾತ್ರಿ ಅವುಗಳ ಮಟ್ಟಿಗೆ ವಿಮೋಷನ್ (ನಡೆಯುತ್ತಿರುವ ಯಂತ್ರವನ್ನು ಬೇರೆ ಹೋಸ್ಟ್‌ಗೆ ಸಾಗಿಸುವ ಸೌಲಭ್ಯ) ನಿಲ್ಲಿಸಿ. ಹೊಸ ಆವೃತ್ತಿ ಕೇಳುವ ಮೆಮೊರಿ, ಡಿಸ್ಕ್ ಜಾಗ ಮತ್ತು ಲೈಸೆನ್ಸ್‌ಗಳನ್ನು ಮೊದಲೇ ಹೊಂದಿಸಿಕೊಳ್ಳಿ.

ಇನ್ನು ಸ್ನ್ಯಾಪ್‌ಶಾಟ್: ತೆಗೆಯಿರಿ, ಆದರೆ ವಿಎಂವೇರ್ ಹೇಳುವಂತೆ 72 ಗಂಟೆಗಳಿಗಿಂತ ಹೆಚ್ಚು ಉಳಿಸಬೇಡಿ. ಕಾನ್ಫಿಗರೇಷನ್, ಸರ್ಟಿಫಿಕೇಟ್‌ಗಳು ಮತ್ತು ಅವುಗಳ ಖಾಸಗಿ ಕೀಗಳ ಪ್ರತಿಯನ್ನು ಆ ಹೋಸ್ಟ್‌ಗಳ ಗುಂಪಿನ (ಕ್ಲಸ್ಟರ್) ಹೊರಗೆ, ಗೂಢಲಿಪೀಕರಿಸಿ ಇಡಿ.

ತಿಂಗಳ ಕೊನೆ ಬೇಡವೆಂದು ನಾನು ಒತ್ತಿ ಹೇಳುತ್ತೇನೆ. ಸಂಬಳ, ಪಿಂಚಣಿ ಜಮೆಯಾಗುವ ದಿನಗಳವು. ಹಣಕ್ಕಾಗಿ ಕಾದಿರುವ ಗ್ರಾಹಕರಿಗೆ ನಮ್ಮ ಎಆರ್‌ಪಿ ನಮೂದಿನ ಕಥೆ ಬೇಕಿಲ್ಲ. ಬ್ಯಾಂಕಿಗೆ ರಜೆಯಿರುವ ಎರಡನೇ ಶನಿವಾರದ ರಾತ್ರಿಯನ್ನು ಆರಿಸಿಕೊಳ್ಳಿ. ಮೊದಲು ಸ್ಟ್ಯಾಂಡ್‌ಬೈ ಯಂತ್ರವನ್ನು ಅಪ್‌ಗ್ರೇಡ್ ಮಾಡಿ, ಹಳೆಯ ಸಂಪರ್ಕಗಳು ತಾವಾಗಿ ಕರಗಲು ಸಮಯ ಕೊಟ್ಟು, ನಂತರ ಹೊರೆಯನ್ನು ಅದಕ್ಕೆ ದಾಟಿಸಿ. ಆವೃತ್ತಿಗಳು ಬೇರೆಯಾಗಿರುವಷ್ಟು ಹೊತ್ತು ಒಂದರ ಕಾನ್ಫಿಗರೇಷನ್ ಅನ್ನು ಇನ್ನೊಂದಕ್ಕೆ ಸಿಂಕ್ ಮಾಡಕೂಡದು. ತಯಾರಕರ ಸೂಚನೆ ಒಪ್ಪುವುದಾದರೆ, ಹೊಸ ಆವೃತ್ತಿಯು ಸೋಮವಾರ ಬೆಳಗಿನ ನೂಕುನುಗ್ಗಲನ್ನು ತಾಳಿಕೊಂಡ ಮೇಲೆಯೇ ಎರಡನೆಯ ಯಂತ್ರವನ್ನು ಮುಟ್ಟಿ.