ಪ್ರಾರ್ಥನಾ ಕೂಟದಲ್ಲಿ ಹೇಳಿಕೊಂಡದ್ದು ಎಲ್ಲರ ಬಾಯಿಗೆ ಬಿತ್ತು. ಮತ್ತೆ ಸಭೆಗೆ ಹೋಗಬೇಕೇ?

ಪ್ರಶ್ನೆ: ನಾನು ವಿವಾಹಿತೆ. ಮದುವೆಗೆ ಮೊದಲೇ ಕ್ರಿಸ್ತನನ್ನು ನಂಬಿ ದೀಕ್ಷಾಸ್ನಾನ ಪಡೆದವಳು. ನಮ್ಮ ಸಭೆಯಲ್ಲಿ ವಾರಕ್ಕೊಮ್ಮೆ ನಡೆಯುವ ಹೆಂಗಸರ ಪ್ರಾರ್ಥನಾ ಕೂಟದಲ್ಲಿ, ಪತಿಯ ಕುಡಿತದ ಬಗ್ಗೆ ಅಳುತ್ತಾ ಹೇಳಿಕೊಂಡಿದ್ದೆ. ಕೂಟದ ನಾಯಕಿ ಅದನ್ನು ‘ಪ್ರಾರ್ಥನಾ ವಿಷಯ’ ಎಂದು ಮತ್ತೊಂದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು. ಕೊನೆಗೆ ಅದು ನನ್ನ ಪತಿಯ ಕಿವಿಗೂ ಬಿತ್ತು. ಅಂದಿನಿಂದ ನಾನು ಸಭೆಯ ಕಡೆ ತಲೆ ಹಾಕಿಲ್ಲ. ವರ್ಷ ಕಳೆಯಿತು. ಮನೆಯಲ್ಲೇ ಸತ್ಯವೇದ ಓದುತ್ತೇನೆ, ಮೊಬೈಲಿನಲ್ಲಿ ಪ್ರಸಂಗ ಕೇಳುತ್ತೇನೆ. ಮೊದಮೊದಲು ನೆಮ್ಮದಿ ಎನಿಸಿತ್ತು. ಈಚೆಗೆ ಪ್ರಾರ್ಥನೆ ಒಣಗಿಹೋಗಿದೆ, ಬಾಯಿಪಾಠ ಒಪ್ಪಿಸಿದಂತಾಗುತ್ತದೆ. ‘ಇಬ್ಬರು ಮೂವರು ಕೂಡಿದಲ್ಲಿ ಕರ್ತನಿರುತ್ತಾನೆ, ಒಬ್ಬಳೇ ಇದ್ದರೆ ಬೆಳೆಯುವುದಿಲ್ಲ’ ಎಂದು ತಂಗಿ ಬೈಯುತ್ತಾಳೆ. ಆ ಕೂಟದ ಒಬ್ಬ ಅಕ್ಕ ಮಾತ್ರ ಆಗಾಗ ಫೋನ್ ಮಾಡುತ್ತಾರೆ, ನಾನೇ ತೆಗೆಯುವುದಿಲ್ಲ. ದೇವರೊಂದಿಗೆ ನಾನೊಬ್ಬಳೇ ಇದ್ದರೆ ಸಾಲದೇ?
– ಹೆಸರು ಬೇಡ

ಉತ್ತರ: ಸಹೋದರಿ, ನಿಮಗೆ ಆಗಿರುವುದು ಅನ್ಯಾಯ. ‘ದೇವರು ನಿಮ್ಮನ್ನು ಪರೀಕ್ಷಿಸುತ್ತಿದ್ದಾನೆ’ ಎಂದು ಅದರ ಮೇಲೆ ಸುಣ್ಣ ಬಳಿಯುವ ಮನಸ್ಸು ನನಗಿಲ್ಲ. ಚಾಡಿಮಾತಿಗೆ ಪ್ರಾರ್ಥನೆಯ ಮುಸುಕು ಹಾಕುವುದು ಸಭೆಗಳ ಹಳೆಯ ರೋಗ. ‘ಹೆಸರು ಹೇಳುವುದಿಲ್ಲ, ಒಬ್ಬ ಸಹೋದರಿಗಾಗಿ ಭಾರದಿಂದ ಪ್ರಾರ್ಥಿಸಿ’ ಎಂದು ಶುರುವಾಗುತ್ತದೆ. ಆಮೇಲೆ ಆಕೆಯ ಪತಿಯ ಉದ್ಯೋಗ, ಮಕ್ಕಳೆಷ್ಟು, ಆರಾಧನೆಯಲ್ಲಿ ಯಾವ ಸಾಲಿನಲ್ಲಿ ಕೂರುತ್ತಾಳೆ ಎಂಬುದೆಲ್ಲ ಬರುತ್ತದೆ, ಹೆಸರೊಂದನ್ನು ಬಿಟ್ಟು. ಕೊನೆಗೆ ಕೈಮುಗಿದ ಚಿತ್ರ ಎರಡು. ಗುಟ್ಟು ರಟ್ಟು ಮಾಡುವವನಿಗೂ ಅದನ್ನು ಕಾಯುವ ನಂಬಿಗಸ್ತನಿಗೂ ಇರುವ ವ್ಯತ್ಯಾಸವನ್ನು ಜ್ಞಾನೋಕ್ತಿಗಳು (11:13) ಎಂದೋ ಹೇಳಿವೆ. ನಿಮ್ಮ ನಾಯಕಿಗೆ ಅದು ತಿಳಿಯದ ವಿಷಯವೇನಲ್ಲ.

ಇನ್ನು ನೀವು ಕೇಳಿದ್ದಕ್ಕೆ ಬರುತ್ತೇನೆ. ಒಬ್ಬಳೇ ಇದ್ದರೆ ಸಾಲದೇ? ಕೆಲವು ಕಾಲಕ್ಕೆ ಸಾಕು. ಯೇಸು ಕೂಡ ಜನರನ್ನು ಬಿಟ್ಟು ಅಡವಿಯ ಕಡೆ ಹೋಗಿ ಪ್ರಾರ್ಥಿಸುತ್ತಿದ್ದನೆಂದು ಲೂಕನು ಬರೆದಿದ್ದಾನೆ. ಆದ್ದರಿಂದ ಈ ಒಂದು ವರ್ಷ ವ್ಯರ್ಥವಾಯಿತು ಎಂದು ಕೊರಗಬೇಡಿ. ಗಾಯವಾದವರು ಸ್ವಲ್ಪ ಕಾಲ ದೂರ ಇರುವುದು ವಿಶ್ವಾಸದಿಂದ ಬಿದ್ದುಹೋದಂತಲ್ಲ. ಆದರೆ ಯೇಸು ಸೆರೆಸಿಕ್ಕ ಗೆತ್ಸೇಮನೆ ತೋಟದ ರಾತ್ರಿಯನ್ನೂ ನೆನೆಯಿರಿ. ಪ್ರಾಣ ಹೋಗುವಷ್ಟು ದುಃಖವಾಗಿದೆ ಎನ್ನುವ ಹೊತ್ತಿನಲ್ಲಿ ಆತನು ಪೇತ್ರನನ್ನೂ ಜೆಬೆದಾಯನ ಇಬ್ಬರು ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ, ಇಲ್ಲೇ ಎಚ್ಚರವಾಗಿರಿ ಎಂದು ಕೇಳಿಕೊಂಡನು. ಅವರು ನಿದ್ದೆ ಹೋದರು. ಆತನು ಮತ್ತೆ ಬಂದನು, ಮತ್ತೆ ನಿದ್ದೆ. ಮೂರನೆಯ ಸಲವೂ ಅದೇ ಕಥೆ. ಕೈಕೊಟ್ಟ ಆ ಜೊತೆಗಾರರ ಬಳಿಗೆ ಆತನು ಮೂರು ಸಲವೂ ತಿರುಗಿ ಬಂದದ್ದು ನನಗೆ ಯಾವ ಪ್ರಸಂಗಕ್ಕಿಂತ ಹೆಚ್ಚಿನದಾಗಿ ಕಾಣುತ್ತದೆ. ದೇವಕುಮಾರನಿಗೇ ಆ ರಾತ್ರಿ ಮನುಷ್ಯರು ಪಕ್ಕದಲ್ಲಿ ಬೇಕೆನಿಸಿತ್ತು. ನಿಮಗೆ ಹಾಗೆ ಅನಿಸಿದರೆ ಅದು ಭಕ್ತಿಯ ಕೊರತೆಯಾಗುವುದು ಹೇಗೆ?

ನಿಮ್ಮ ಪ್ರಾರ್ಥನೆ ಒಣಗಿದ್ದಕ್ಕೆ ಮೊಬೈಲಿನ ಪ್ರಸಂಗಗಳೇ ಕಾರಣವೆಂದು ನಾನು ಹೇಳುವುದಿಲ್ಲ. ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ ಮಾತು ಚುಚ್ಚುವ ಜಾಗ ಬಂದಾಗ ಬೆರಳಿನಿಂದ ಮುಂದಕ್ಕೆ ಸರಿಸಿಬಿಡಬಹುದು. ‘ಕಳೆದ ವಾರ ಹೇಳಿದ್ದಿರಲ್ಲ, ಅದೇನಾಯಿತು?’ ಎಂದು ಆ ಪ್ರಸಂಗ ನಿಮ್ಮನ್ನು ಕೇಳುವುದಿಲ್ಲ. ನೀವು ಮಾತಿನ ನಡುವೆ ಸುಮ್ಮನಾದದ್ದನ್ನು ಗಮನಿಸುವುದಿಲ್ಲ. ವಿಶ್ವಾಸ ಬೆಳೆಯುವುದು ಬಹುಪಾಲು ಇಂಥ ಪ್ರಶ್ನೆಗಳ ಎದುರಿನಲ್ಲಿ ಎಂಬುದು ನನ್ನ ಅಭಿಪ್ರಾಯ. ಒಬ್ಬರ ಹೊರೆಯನ್ನು ಒಬ್ಬರು ಹೊರಿರಿ, ತಪ್ಪುಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿರಿ ಎಂದು ಅಪೊಸ್ತಲರು ಬರೆದದ್ದನ್ನು ಕೋಣೆಯ ಬಾಗಿಲು ಹಾಕಿಕೊಂಡು ಪಾಲಿಸಲು ಆಗುವುದಿಲ್ಲವಲ್ಲ.

ಇತಿಹಾಸದ ಒಂದು ಪ್ರಸಂಗ ನಿಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸುವಾರ್ತಾ ಬೋಧಕ ಜಾನ್ ವೆಸ್ಲಿಯ ಅನುಯಾಯಿಗಳಾದ ಮೆಥೊಡಿಸ್ಟರು ತಮ್ಮ ಕೂಟದ ಕಟ್ಟಡದ ಸಾಲ ತೀರಿಸುವುದು ಹೇಗೆಂದು ಚರ್ಚಿಸುತ್ತಿದ್ದರು. ಎಲ್ಲರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದು ಒಬ್ಬರು ಸೂಚಿಸಿದರು. ಬಡವರ ಗತಿಯೇನು ಎಂಬ ಮಾತು ಬಂದಾಗ, ‘ಅತಿ ಬಡವರಾದ ಹನ್ನೊಂದು ಜನರನ್ನು ನನಗೆ ವಹಿಸಿ, ಅವರಿಂದ ಆಗದಿದ್ದರೆ ಅವರ ಪಾಲನ್ನೂ ನಾನೇ ಕೊಡುತ್ತೇನೆ’ ಎಂದು ಸೂಚನೆ ಕೊಟ್ಟವರೇ ಹೇಳಿದರು. ಹೀಗೆ ಹನ್ನೆರಡು ಹನ್ನೆರಡು ಜನರ ಗುಂಪುಗಳಾದವು. ನಾಯಕರು ಕಾಸು ವಸೂಲಿಗೆ ಮನೆಮನೆಗೆ ಹೋದರು; ಹೋದಲ್ಲಿ ಜನರ ನಿಜವಾದ ಪಾಡು ಕಣ್ಣಿಗೆ ಬಿತ್ತು. ಯಾರ ನಡತೆ ಜಾರುತ್ತಿದೆ, ಯಾರ ಮನೆಯಲ್ಲಿ ನೆಮ್ಮದಿಯಿಲ್ಲ ಎಂಬುದು ತಿಳಿಯತೊಡಗಿತು. ತಾನು ಇಷ್ಟು ದಿನ ಹುಡುಕುತ್ತಿದ್ದದ್ದು ಇದನ್ನೇ ಎಂದು ವೆಸ್ಲಿಗೆ ಹೊಳೆಯಿತು. ಸಾಲ ವಸೂಲಿಗೆಂದು ಹುಟ್ಟಿದ ಏರ್ಪಾಡು ಆತ್ಮಗಳ ಆರೈಕೆಯ ಏರ್ಪಾಡಾಯಿತು.

ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಮನೆಮನೆಗೆ ಹೋಗುವ ಪದ್ಧತಿಯನ್ನು ಬೇಗನೆ ಕೈಬಿಟ್ಟು, ಗುಂಪಿನವರೆಲ್ಲ ವಾರಕ್ಕೊಮ್ಮೆ ಒಟ್ಟಿಗೆ ಕೂರುವಂತೆ ಮಾಡಿದರು. ಅದಕ್ಕಿದ್ದ ಕಾರಣಗಳಲ್ಲಿ ಒಂದು, ಒಬ್ಬರ ಬಗ್ಗೆ ಇನ್ನೊಬ್ಬರು ತಪ್ಪು ತಿಳಿದುಕೊಂಡು ಮನಸ್ತಾಪವಾದಾಗ ಇಬ್ಬರೂ ಎದುರುಬದುರು ಇಲ್ಲದೆ ಅದು ಬಗೆಹರಿಯುತ್ತಿರಲಿಲ್ಲ ಎಂಬುದು. ನಿಮ್ಮ ಹಾಗೆ ನೊಂದವರು ಆಗಲೂ ಇದ್ದರು ಎಂದಾಯಿತು.

ತಂಗಿ ಹೇಳಿದ ವಚನಕ್ಕೆ ಬರೋಣ. ಮತ್ತಾಯನ ಹದಿನೆಂಟನೆಯ ಅಧ್ಯಾಯವನ್ನು ಹದಿನೈದನೆಯ ವಚನದಿಂದ ಒಮ್ಮೆ ಓದಲು ಆಕೆಗೆ ಹೇಳಿ, ನೀವೂ ಓದಿ. ‘ಇಬ್ಬರು ಮೂವರು’ ಎಂಬ ಮಾತು ಬರುವುದು ಸಹೋದರನು ತಪ್ಪು ಮಾಡಿದಾಗ ಏನು ಮಾಡಬೇಕೆಂದು ಯೇಸು ಹೇಳಿಕೊಡುವ ಭಾಗದಲ್ಲಿ. ಮೊದಲು ನೀವಿಬ್ಬರೇ ಇರುವಾಗ ಅವನ ತಪ್ಪನ್ನು ತಿಳಿಸಿ. ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಆಗಲೂ ಕೇಳದಿದ್ದರೆ ಸಭೆಗೆ ಹೇಳಿ. ಸಣ್ಣ ಕೂಟಗಳ ಗೋಡೆಗೆ ತೂಗುಹಾಕುವ ಆ ವಚನ ನಿಮ್ಮ ಬಾಯಿ ಮುಚ್ಚಿಸುವುದಕ್ಕಲ್ಲ, ನಿಮಗೆ ಮಾತನಾಡುವ ಹಕ್ಕು ಕೊಡುವುದಕ್ಕೆ ಅಲ್ಲಿದೆ.

ಹಾಗಾದರೆ ಮಾಡುವುದೇನು? ಮುಂದಿನ ಭಾನುವಾರವೇ ಧೈರ್ಯ ತಂದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಫೋನ್ ಮಾಡುತ್ತಿರುವ ಆ ಅಕ್ಕನ ಕರೆಯನ್ನು ತೆಗೆಯಿರಿ. ಒಂದು ವರ್ಷ ಉತ್ತರ ಸಿಗದಿದ್ದರೂ ಫೋನ್ ಮಾಡುವವರು ಅಪರೂಪ. ಅವರೊಂದಿಗೆ ವಾರಕ್ಕೊಮ್ಮೆ ಕುಳಿತು ಒಂದು ಕೀರ್ತನೆ ಓದಿ, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿ. ಮೊದಲ ದಿನವೇ ಎದೆಯಾಳದ್ದನ್ನು ಬಿಚ್ಚಬೇಕಿಲ್ಲ. ಚಿಕ್ಕದೊಂದನ್ನು ಹೇಳಿ ನೋಡಿ, ಅದು ಅವರಲ್ಲೇ ಉಳಿಯಿತೇ ಗಮನಿಸಿ. ಇಲ್ಲಿ ಹೇಳಿದ್ದು ಇಲ್ಲೇ ಇರಬೇಕು, ಪ್ರಾರ್ಥನೆಯ ಹೆಸರಿನಲ್ಲೂ ಹೊರಗೆ ಹೋಗಬಾರದು ಎಂದು ಬಾಯಿಬಿಟ್ಟು ಒಪ್ಪಂದ ಮಾಡಿಕೊಳ್ಳಿ, ಮುಜುಗರ ಬೇಡ. ಅವರ ಕಷ್ಟವನ್ನೂ ಕೇಳಿ. ನಿಮ್ಮ ಪತ್ರದಲ್ಲಿ ಇದೊಂದು ಕಾಣಲಿಲ್ಲ: ಆ ಕೂಟದಲ್ಲಿ ಬೇರೆಯವರು ಏನು ಹೇಳಿಕೊಂಡು ಅತ್ತಿದ್ದರು? ಇನ್ನೊಬ್ಬರ ಹೊರೆಗೆ ಹೆಗಲು ಕೊಡುವಾಗ ಒಣಗಿದ ಪ್ರಾರ್ಥನೆ ತಾನಾಗಿ ಹಸಿಯಾಗುವುದುಂಟು.

ಕಹಿ ಎನಿಸಿದರೂ ಇನ್ನೊಂದು ಮಾತು ಹೇಳಬೇಕು. ಬಯಲಾದ ಗುಟ್ಟು ನಿಮ್ಮೊಬ್ಬರದೇ ಆಗಿರಲಿಲ್ಲ, ನಿಮ್ಮ ಪತಿಯದೂ ಆಗಿತ್ತು. ನಾಯಕಿಯ ತಪ್ಪು ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ಇನ್ನು ಮುಂದೆ ನಿಮ್ಮ ಭಯ, ನಿಮ್ಮ ಸುಸ್ತು, ನಿಮ್ಮ ಕೋಪ, ಇವನ್ನು ಹೇಳಿಕೊಳ್ಳಿ. ಅವರು ಎಷ್ಟು ಕುಡಿದರು, ಎಲ್ಲಿ ಬಿದ್ದರು ಎಂಬ ವಿವರಗಳು ಗುಂಪಿಗೆ ಬೇಡ. ಅವರಿಗೆ ಆದ ಅವಮಾನದ ಬಗ್ಗೆ ಅವರೊಂದಿಗೇ ಒಂದು ಮಾತು ಆಡಿದ್ದೀರಾ? ಆಡಿರದಿದ್ದರೆ, ಅವರು ಕುಡಿಯದೆ ಇರುವ ಹೊತ್ತು ನೋಡಿ ಆಡಿ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮಾತ್ರ ಈ ಲೆಕ್ಕವೆಲ್ಲ ಬಿಟ್ಟುಬಿಡಿ: ಗುಟ್ಟು ಕಾಯುವುದು ಬೇಡ, ನಂಬುವವರಿಗೆ ಎಲ್ಲವನ್ನೂ ಹೇಳಿ ಕಾನೂನಿನ ನೆರವು ಪಡೆಯಿರಿ. ಕುಡಿತದ ಮನೆಗಳ ಬಂಧುಗಳಿಗಾಗಿಯೇ 1951ರಲ್ಲಿ ಆರಂಭವಾದ ಅಲ್-ಅನಾನ್ ಎಂಬ ಗುಂಪುಗಳಿವೆ. ಅವು ಸಭೆಗೆ ಸೇರಿದವಲ್ಲ, ಆದರೆ ಬಂದವರ ಗುರುತನ್ನು ಹೊರಗೆ ಬಿಡದಿರುವುದೇ ಅವುಗಳ ಕಟ್ಟುಪಾಡು. ಅಲ್ಲಿ ಕುಳಿತು ಬಂದರೆ ನಿಮ್ಮ ವಿಶ್ವಾಸಕ್ಕೇನೂ ಕುಂದಿಲ್ಲ.

ಹಳೆಯ ಸಭೆಗೇ ಹೋಗಬೇಕೇ ಎಂಬುದನ್ನು ಈಗಲೇ ತೀರ್ಮಾನಿಸಬೇಡಿ. ಆದಿ ಸಭೆಯ ಸೇವಕರಾದ ಪೌಲ ಬಾರ್ನಬರು ಕೂಡ, ಮಾರ್ಕನನ್ನು ಸೇವೆಗೆ ಜೊತೆಯಲ್ಲಿ ಕರೆದೊಯ್ಯುವ ವಿಷಯದಲ್ಲಿ ತೀಕ್ಷ್ಣವಾಗಿ ವಾದಿಸಿ ಬೇರೆ ಬೇರೆ ದಾರಿ ಹಿಡಿದರು. ಇಬ್ಬರೂ ಸೇವೆ ಬಿಡಲಿಲ್ಲ. ಆ ಮಾರ್ಕನೇ ತನಗೆ ಉಪಯುಕ್ತನೆಂದು, ಅವನನ್ನು ಕರೆದುಕೊಂಡು ಬಾ ಎಂದು ಎರಡನೆಯ ತಿಮೊಥೆಯ ಪತ್ರಿಕೆಯಲ್ಲಿ ಪೌಲನ ಮಾತಿದೆ. ಬೇರೆ ಸಭೆ ಸೇರುವುದು ದ್ರೋಹವಲ್ಲ. ಎಲ್ಲಿಯೂ ಸೇರದೆ ಉಳಿದುಬಿಡುವುದು ಮಾತ್ರ ನಿಮಗೆ ಒಗ್ಗುತ್ತಿಲ್ಲ. ಅದನ್ನು ನಿಮ್ಮ ಪತ್ರವೇ ಹೇಳುತ್ತಿದೆ.

ನಾಯಕಿಯನ್ನು ಕಾಣುವುದು ಕೆಲವು ವಾರ ತಡವಾದರೂ ಚಿಂತೆಯಿಲ್ಲ, ಆದರೆ ಕಾಣಿ. ಮೊದಲ ಸಲ ಒಬ್ಬರೇ ಹೋಗಿ. ಅವರು ಹಾರಿಕೆಯ ಉತ್ತರ ಕೊಟ್ಟರೆ ಆ ಅಕ್ಕನನ್ನು ಜೊತೆಗೆ ಕರೆದುಕೊಂಡು ಮತ್ತೊಮ್ಮೆ ಹೋಗಿ. ‘ನೀವು ಹೀಗೆ ಮಾಡಿದ್ದರಿಂದ ನಮ್ಮ ಮನೆಯಲ್ಲಿ ಇಂಥದ್ದು ಆಯಿತು’ ಎಂದು ನೇರವಾಗಿ ಹೇಳಿ, ಉಪದೇಶ ಬೇಡ. ಅವರು ಕ್ಷಮೆ ಕೇಳಿದರೆ ಒಳ್ಳೆಯದು. ಕೇಳದಿದ್ದರೆ ಸಭಾಪಾಲಕರಿಗೆ ತಿಳಿಸಿ. ಅವರು ನಾಯಕಿಯಾಗಿ ಮುಂದುವರಿಯಬೇಕೇ ಬೇಡವೇ ಎಂಬುದು ಸಭಾಪಾಲಕರ ತಲೆನೋವು, ನಿಮ್ಮದಲ್ಲ.